ವೈರಸ್ ಜ್ವರ ಬಿಟ್ಟ ಮೇಲೆ ಮೈಗೆ ಮತ್ತೆ ಕಸುವು ಬರಬೇಕಾದರೆ

ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗೆ ಕೊಡುವ ಚೀಟಿಯಲ್ಲಿ ಮಾತ್ರೆಗಳ ಹೆಸರಿರುತ್ತದೆ. ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ, ಮತ್ತೆ ಯಾವಾಗ ಬಂದು ತೋರಿಸಬೇಕು ಎಂದೂ ಬರೆದಿರುತ್ತದೆ. ಕೊನೆಯಲ್ಲಿ ಬಹಳ ಸಲ ‘ವಿಶ್ರಾಂತಿ’ ಎಂಬ ಒಂದೇ ಮಾತು. ಎಷ್ಟು ದಿನ ಮಲಗಬೇಕು, ಎದ್ದ ಮೇಲೆ ಎಷ್ಟು ನಡೆಯಬೇಕು, ಕೊಡ ಎತ್ತುವುದು ಯಾವಾಗ, ಹೊಲಕ್ಕೆ ಹೋಗುವುದು ಯಾವಾಗ ಎಂಬುದಕ್ಕೆ ಅಲ್ಲಿ ಉತ್ತರವಿರುವುದಿಲ್ಲ. ಮನೆಯವರೇ ತಮಗೆ ತೋಚಿದ ಉತ್ತರ ಕಂಡುಕೊಳ್ಳುತ್ತಾರೆ. ಒಂದು ಮನೆಯಲ್ಲಿ ಎರಡು ತಿಂಗಳಾದರೂ ರೋಗಿಯನ್ನು ಮಂಚದಿಂದ ಇಳಿಯಲು ಬಿಡುವುದಿಲ್ಲ. ಇನ್ನೊಂದು ಮನೆಯಲ್ಲಿ ಜ್ವರ ಬಿಟ್ಟ ನಾಲ್ಕನೇ ದಿನಕ್ಕೇ ಈರುಳ್ಳಿ ಹೊಲದಲ್ಲಿ ಕಳೆ ಕೀಳಲು ಕೂರಿಸುತ್ತಾರೆ. ಎರಡರಿಂದಲೂ ಕೆಡುಕೇ.

ಚಿತ್ರದುರ್ಗ ಜಿಲ್ಲೆಗೆ ಇಂಥ ಜ್ವರಗಳು ಹೊಸವಲ್ಲ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ಕರ್ನಾಟಕ ಒಂದರಲ್ಲೇ 7.5 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಹೆಚ್ಚು ನಲುಗಿದ ಬಯಲುಸೀಮೆಯ ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಇತ್ತು. 2021ರ ಮೇ ಮೊದಲ ವಾರದಲ್ಲಿ ರಾಜ್ಯದಲ್ಲಿ ಒಂದೇ ದಿನ 50,000ಕ್ಕೂ ಹೆಚ್ಚು ಜನರಿಗೆ ಕೋವಿಡ್ ದೃಢಪಟ್ಟಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳಿಂದ ಆಕ್ಸಿಜನ್ ಹಾಸಿಗೆಗಾಗಿ ಜನ ಜಿಲ್ಲಾ ಕೇಂದ್ರಕ್ಕೂ ದಾವಣಗೆರೆಗೂ ಅಲೆದ ದಿನಗಳವು. 2024ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ಒಂದೊಂದು ವೈರಸ್ಸಿನ ದಾರಿಯೂ ಬೇರೆ. ಆದರೆ ಬದುಕಿ ಬಂದವರ ದೂರು ಹೆಚ್ಚು ಕಡಿಮೆ ಒಂದೇ: ಸುಸ್ತು ಹೋಗುತ್ತಿಲ್ಲ, ನಾಲ್ಕು ಹೆಜ್ಜೆಗೆ ದಮ್ಮು ಬರುತ್ತೆ, ಕಾಲು ಸೋಲುತ್ತೆ.

ಈ ದೂರಿಗೆ ವ್ಯಾಯಾಮ ನಿಜವಾದ ಔಷಧ. ಔಷಧವಾದ್ದರಿಂದಲೇ ಅದಕ್ಕೆ ಪ್ರಮಾಣವೂ ಉಂಟು. ಆ ಪ್ರಮಾಣವನ್ನು ಮನೆಯಲ್ಲೇ ಹೇಗೆ ಕಂಡುಕೊಳ್ಳಬಹುದು ಎಂದು ತಿಳಿಸುವುದು ಈ ಬರಹದ ಉದ್ದೇಶ.

ಕಸುವು ಎಲ್ಲಿಗೆ ಹೋಯಿತು?

ಜ್ವರದಲ್ಲಿ ಮಲಗಿದ ಮನುಷ್ಯನ ಸ್ನಾಯು ಎಷ್ಟು ಬೇಗ ಕರಗುತ್ತದೆ ಎಂಬುದು ನೋಡಿದವರಿಗೇ ಗೊತ್ತು. ತುರ್ತು ನಿಗಾ ಘಟಕದಲ್ಲಿದ್ದ ರೋಗಿಗಳನ್ನು ಅಳೆದು ನೋಡಿದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತೊಡೆಯ ಮುಂಭಾಗದ ಸ್ನಾಯುವಿನ ದಪ್ಪಳತೆ ಹತ್ತೇ ದಿನದಲ್ಲಿ ಸರಾಸರಿ ಶೇ 17ಕ್ಕೂ ಹೆಚ್ಚು ಕುಗ್ಗಿತ್ತು. ನೆಲದಿಂದ ಏಳಲು, ಬಸ್ಸಿನ ಮೆಟ್ಟಿಲು ಹತ್ತಲು, ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂತು ಮೇಲೇಳಲು ಬೇಕಾದದ್ದು ಇದೇ ಸ್ನಾಯು. ಕೋವಿಡ್‌ಗೆ ಸ್ಟೀರಾಯ್ಡ್ ಪಡೆದವರಲ್ಲಿ ಸೊಂಟ ಮತ್ತು ಭುಜದ ಸುತ್ತಲಿನ ಸ್ನಾಯುಗಳು ಇನ್ನಷ್ಟು ಬಲ ಕಳೆದುಕೊಳ್ಳುತ್ತವೆ. ‘ನೆಲದ ಮೇಲೆ ಕೂತರೆ ಯಾರಾದರೂ ಕೈಕೊಟ್ಟು ಎಬ್ಬಿಸಬೇಕು’ ಎಂದು ಐವತ್ತರ ಗಂಡಸು ಹೇಳಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕಬಾರದು.

ಜೊತೆಗೆ ಉಸಿರಾಟದ ಸ್ನಾಯುಗಳೂ ಸೊರಗಿರುತ್ತವೆ, ಹೃದಯ ಸಣ್ಣ ಕೆಲಸಕ್ಕೂ ಜೋರಾಗಿ ಬಡಿಯುತ್ತದೆ. ಇವೆಲ್ಲ ಮಲಗಿದ್ದರೆ ಸರಿಹೋಗುವಂಥವಲ್ಲ. ಬ್ರಿಟನ್ನಿನಲ್ಲಿ ಕೋವಿಡ್‌ನಿಂದ ಆಸ್ಪತ್ರೆ ಸೇರಿ ಮನೆಗೆ ಬಂದು ಮೂರು ತಿಂಗಳಾದರೂ ಚೇತರಿಸಿಕೊಳ್ಳದ 585 ವಯಸ್ಕರ ಮೇಲೆ ‘ರೀಗೇನ್’ ಎಂಬ ಪ್ರಯೋಗ ನಡೆಯಿತು. ಅರ್ಧದಷ್ಟು ಜನರಿಗೆ ಎಂಟು ವಾರ, ಮನೆಯಲ್ಲೇ, ಇಂಟರ್‌ನೆಟ್ ಮೂಲಕ ತಜ್ಞರ ಕಣ್ಣಳತೆಯಲ್ಲಿ ಗುಂಪು ವ್ಯಾಯಾಮ ಮಾಡಿಸಿ, ಮನಸ್ಸಿಗೂ ಬೆಂಬಲ ಕೊಟ್ಟರು. 2024ರಲ್ಲಿ ಬಂದ ಫಲಿತಾಂಶದ ಪ್ರಕಾರ, ಬರೀ ಸಲಹೆ ಪಡೆದವರಿಗಿಂತ ಇವರ ಜೀವನದ ಗುಣಮಟ್ಟ ಸುಧಾರಿಸಿತ್ತು, ವರ್ಷವಾದರೂ ಆ ಸುಧಾರಣೆ ಉಳಿದಿತ್ತು. ಪವಾಡವೇನಲ್ಲ, ಸಾಧಾರಣ ಪ್ರಮಾಣದ ಸುಧಾರಣೆಯೇ. ಆದರೆ ನಮ್ಮ ಜಿಲ್ಲೆಗೆ ಇದರಲ್ಲಿ ದೊಡ್ಡ ಮಾತಿದೆ. ಹೊಸದುರ್ಗದಿಂದ ಜಿಲ್ಲಾ ಕೇಂದ್ರಕ್ಕೆ ಹತ್ತಿರ ಹತ್ತಿರ 60 ಕಿ.ಮೀ. ಇಪ್ಪತ್ತು ನಿಮಿಷದ ಫಿಸಿಯೋಥೆರಪಿಗೆಂದು ಹೋಗಿ ಬರುವ ಬಸ್ ಪ್ರಯಾಣವೇ ರೋಗಿಯ ಇಡೀ ದಿನದ ತ್ರಾಣವನ್ನು ಹೀರಿಬಿಡುತ್ತದೆ. ಒಂದು ಸಲ ಹೋಗಿ ಸರಿಯಾಗಿ ಕಲಿತು, ಉಳಿದದ್ದನ್ನು ಮನೆಯ ಅಂಗಳದಲ್ಲೇ ಮಾಡಿಕೊಂಡು, ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಕೈಲಾಗದವರ ದಾರಿಯೆಂದು ತಿಳಿಯಬೇಕಿಲ್ಲ. ಅದೂ ಒಳ್ಳೆಯ ಚಿಕಿತ್ಸೆಯೇ.

ಶುರು ಮಾಡುವ ಮುಂಚೆ

ಜ್ವರ ಪೂರ್ತಿ ಬಿಟ್ಟಿರಬೇಕು. ಆಸ್ಪತ್ರೆ ಸೇರಿದ್ದವರು, ಹೃದಯದ ತೊಂದರೆ, ಬಿ.ಪಿ., ಸಕ್ಕರೆ ಕಾಯಿಲೆ ಇರುವವರು ಒಮ್ಮೆ ವೈದ್ಯರನ್ನು ಕಂಡೇ ಶುರುಮಾಡಬೇಕು. ವೈರಸ್‌ನಿಂದ ಹೃದಯದ ಸ್ನಾಯುವಿಗೆ ಉರಿಯೂತವಾಗಿದೆ ಎಂದು ವೈದ್ಯರು ಹೇಳಿದ್ದರೆ ಮೂರರಿಂದ ಆರು ತಿಂಗಳು ಓಟ, ಭಾರ ಎತ್ತುವುದು, ಕಬಡ್ಡಿ ಯಾವುದೂ ಕೂಡದು, ಹರೆಯದ ಹುಡುಗರಾದರೂ ಸರಿ. ಎದೆನೋವು, ಎದೆ ಡವಡವ, ಕಣ್ಣು ಕತ್ತಲೆ ಬಂದು ಬೀಳುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಕೂತಲ್ಲೇ ಏದುಸಿರು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮದ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಿ. ಕೋವಿಡ್ ನಂತರ ಕೆಲವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಏರುವುದುಂಟು. ಅಂಥ ಕಾಲನ್ನು ಎಣ್ಣೆ ಹಚ್ಚಿ ನೀವುವುದು ಅಪಾಯ.

2021ರಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳ ಗೂಡಿನಲ್ಲಿ ಇನ್ನೂ ಇದೆ. ಸೆಲ್ ಬದಲಿಸಿ ತೆಗೆಯಿರಿ. ಬೆರಳಿಗೆ ಮೆಹಂದಿ, ಉಗುರಿಗೆ ಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಅಂಕಿ ತಪ್ಪು ಬರುತ್ತದೆ. ಕೂತಾಗ ಒಮ್ಮೆ ನೋಡಿ, ಮನೆಯೊಳಗೆ ಆರು ನಿಮಿಷ ನಿಮ್ಮ ಪಾಡಿಗೆ ನಡೆದು ಮತ್ತೆ ನೋಡಿ. ಮೊದಲೇ 94ಕ್ಕಿಂತ ಕಡಿಮೆ ಇದ್ದರೆ ಅಥವಾ ನಡೆದ ಮೇಲೆ ಮೂರಕ್ಕಿಂತ ಹೆಚ್ಚು ಅಂಶ ಇಳಿದರೆ ವೈದ್ಯರಿಗೆ ತೋರಿಸಿ. ಆಕ್ಸಿಮೀಟರ್ ಇಲ್ಲದಿದ್ದರೂ ಚಿಂತೆಯಿಲ್ಲ. ನಡೆಯುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುತ್ತಿದೆಯೇ ನೋಡಿ. ಎರಡು ಮಾತಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾದರೆ ವೇಗ ಹೆಚ್ಚಾಯಿತೆಂದೇ ಲೆಕ್ಕ.

ಮೊದಲ ದಿನಗಳು

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನಿಂದ ಎದ್ದವರಿಗೆಂದು ಒಂದು ಕೈಪಿಡಿ ಮಾಡಿದೆ. ಚಟುವಟಿಕೆಗೆ ಮರಳುವುದನ್ನು ಐದು ಹಂತ ಮಾಡಿ, ಒಂದೊಂದು ಹಂತದಲ್ಲೂ ಕನಿಷ್ಠ ಏಳು ದಿನ ಇರಿ ಎನ್ನುತ್ತದೆ. ಶ್ರಮವನ್ನು ಸೊನ್ನೆಯಿಂದ ಹತ್ತರವರೆಗೆ ನೀವೇ ಅಂದಾಜು ಮಾಡಬೇಕು. ಸೊನ್ನೆ ಎಂದರೆ ಸುಮ್ಮನೆ ಕೂತಂತೆ, ಹತ್ತು ಎಂದರೆ ಇನ್ನು ಸಾಧ್ಯವೇ ಇಲ್ಲ ಎನ್ನುವಂತೆ. ಮೊದಲ ಹಂತದಲ್ಲಿ ಒಂದು ದಾಟಬಾರದು, ಎರಡನೆಯದರಲ್ಲಿ ಮೂರು ದಾಟಬಾರದು, ಮೂರನೆಯದರಲ್ಲಿ ಐದು. ಏಳು ದಿನವೆಂಬುದು ಕನಿಷ್ಠ ಎಂಬುದನ್ನು ಮರೆಯಬೇಡಿ. ಒಂದೇ ಹಂತದಲ್ಲಿ ತಿಂಗಳು ಕಳೆದವರೂ ಚೇತರಿಸಿಕೊಂಡಿದ್ದಾರೆ.

ಮೊದಲ ಪಾಠ ಉಸಿರು. ಮಂಚದ ಮೇಲೋ ಗೋಡೆಗೆ ಒರಗಿಯೋ ಕೂತು, ಒಂದು ಕೈ ಹೊಟ್ಟೆಯ ಮೇಲಿಟ್ಟು, ಮೂಗಿನಿಂದ ಉಸಿರು ಎಳೆದಾಗ ಹೊಟ್ಟೆ ಉಬ್ಬುವಂತೆ ನೋಡಿ. ಬಿಡುವಾಗ ಬಿಸಿ ಹಾಲು ಆರಿಸುವ ಹಾಗೆ ತುಟಿ ಚೂಪು ಮಾಡಿ ನಿಧಾನವಾಗಿ ಬಿಡಿ. ಎಳೆದದ್ದರ ಎರಡರಷ್ಟು ಹೊತ್ತು ಬಿಡುವುದಕ್ಕೆ ಹಿಡಿಯಲಿ. ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ ಸಾಕು. ನಡುವೆ ದಮ್ಮು ಹತ್ತಿದರೆ ಮುಂದಕ್ಕೆ ಬಾಗಿ ಮೊಣಕೈಗಳನ್ನು ತೊಡೆಯ ಮೇಲೆ ಊರಿ ಕೂತು ಇದೇ ಉಸಿರನ್ನು ಮಾಡಿ. ಹೊಲದಲ್ಲೋ ರಸ್ತೆಯಲ್ಲೋ ಆದರೆ ಬದುವಿನ ಕಲ್ಲಿಗೆ, ಮರಕ್ಕೆ, ಬೈಕಿನ ಸೀಟಿಗೆ ಕೈ ಊರಿ ಬಾಗಿ ನಿಲ್ಲಿ.

ಯೋಗ ಗೊತ್ತಿರುವವರಿಗೆ ಒಂದು ಮಾತು. ಕೇಂದ್ರ ಆರೋಗ್ಯ ಸಚಿವಾಲಯ 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಕೋವಿಡ್ ನಂತರದ ಆರೈಕೆಯ ಕ್ರಮದಲ್ಲೇ ಯೋಗಾಸನ, ಪ್ರಾಣಾಯಾಮ ಮತ್ತು ಹಿತವೆನಿಸುವ ವೇಗದ ನಡಿಗೆಯನ್ನು ಸೇರಿಸಿತ್ತು. ಅನುಲೋಮ ವಿಲೋಮ, ಭ್ರಾಮರಿ ಮಾಡಿ, ಆದರೆ ಉಸಿರು ಕಟ್ಟಬೇಡಿ. ಕಪಾಲಭಾತಿ, ಭಸ್ತ್ರಿಕಾಗಳನ್ನು ಶ್ವಾಸಕೋಶ ಪೂರ್ತಿ ಮಾಗುವವರೆಗೆ ಬದಿಗಿಡಿ. ಟಿ.ವಿ. ನೋಡಿಕೊಂಡು ಮೊದಲ ವಾರವೇ ಜೋರಾಗಿ ಕಪಾಲಭಾತಿ ಮಾಡುವುದು ಸರಿಯಲ್ಲ, ಹಿಂದೆ ವರ್ಷಗಟ್ಟಲೆ ಅಭ್ಯಾಸವಿದ್ದರೂ.

ಕೆಲವರಿಗೆ ಎದ್ದು ನಿಂತ ಕೂಡಲೇ ಎದೆ ಬಡಿತ ಏರಿ ತಲೆ ಸುತ್ತುತ್ತದೆ. ಮಲಗಿ ಎದ್ದು ನಿಂತ ಹತ್ತು ನಿಮಿಷದೊಳಗೆ ನಾಡಿ ನಿಮಿಷಕ್ಕೆ ಮೂವತ್ತಕ್ಕೂ ಹೆಚ್ಚು ಏರಿ ಅಲ್ಲೇ ನಿಂತರೆ ವೈದ್ಯರಿಗೆ ಹೇಳಲೇಬೇಕು. ಇವರು ನಡಿಗೆಯಿಂದ ಶುರುಮಾಡಬಾರದು. ಮಲಗಿಯೇ ಪಾದ ಮೇಲೆ ಕೆಳಗೆ ಆಡಿಸುವುದು, ಮೊಣಕಾಲು ಮಡಿಸಿ ಸೊಂಟ ಎತ್ತುವುದು, ಕಾಲು ಒಂದೊಂದಾಗಿ ಎತ್ತುವುದು, ಇಷ್ಟರಿಂದ ಆರಂಭಿಸಲಿ.

ಕುರ್ಚಿ, ಗೋಡೆ, ಕಂಬ

ಮುಂದಿನ ಹಂತಕ್ಕೆ ಜಿಮ್ ಬೇಕಿಲ್ಲ. ಕೈಯಿಲ್ಲದ ಗಟ್ಟಿ ಕುರ್ಚಿಯೊಂದನ್ನು ಗೋಡೆಗೆ ತಾಗಿಸಿ ಇಡಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಗೋಡೆಗೆ ತಾಗಿಸದೆ ಬಳಸಲೇಬೇಡಿ. ತೋಳುಗಳನ್ನು ಎದೆಯ ಮೇಲೆ ಮಡಚಿಕೊಂಡು ಕೂತು ಏಳಿ, ಮತ್ತೆ ಕೂರಿ. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಯಿತು ಎಣಿಸಿ ಕ್ಯಾಲೆಂಡರ್ ಮೇಲೆ ಬರೆಯಿರಿ. ಅರವತ್ತರ ಆಸುಪಾಸಿನ ಗಂಡಸಿಗೆ 14, ಹೆಂಗಸಿಗೆ 12 ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ವಯಸ್ಸಿಗೆ ತಕ್ಕಷ್ಟಿಲ್ಲ ಎಂದರ್ಥ. ಇದು ಅಳತೆಯೂ ಹೌದು, ವ್ಯಾಯಾಮವೂ ಹೌದು. ಆದರೆ ಅಳತೆ ಹದಿನೈದು ದಿನಕ್ಕೊಮ್ಮೆ ಮಾತ್ರ, ವ್ಯಾಯಾಮ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು. ಐದು ಸಲ ಎದ್ದು ಕೂತು, ಎರಡು ನಿಮಿಷ ಸುಧಾರಿಸಿಕೊಂಡು, ಮತ್ತೆ ಐದು. ಕೈ ಊರದೆ ಏಳಲಾಗದಿದ್ದರೆ ಕುರ್ಚಿಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರಿಸಿ, ಕಾಲಿಗೆ ಬಲ ಬಂದಂತೆ ಒಂದೊಂದೇ ಮಡಿಕೆ ತೆಗೆಯಿರಿ.

ಗೋಡೆಯ ಮುಂದೆ ತೋಳಳತೆ ದೂರ ನಿಂತು, ಅಂಗೈ ಊರಿ, ಗೋಡೆಯತ್ತ ಬಾಗಿ ಹಿಂದಕ್ಕೆ ತಳ್ಳಿಕೊಳ್ಳುವುದು ಭುಜಕ್ಕೂ ಎದೆಗೂ ಒಳ್ಳೆಯದು. ಅದೇ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿದರೆ ಮೀನಖಂಡಕ್ಕೆ. ಅರ್ಧ ಲೀಟರ್ ನೀರಿನ ಬಾಟಲಿ ತುಂಬಿದರೆ ಅರ್ಧ ಕಿಲೋ ತೂಕವಾಯಿತು, ಎರಡು ವಾರ ಕಳೆದು ಒಂದು ಲೀಟರಿನದು ಹಿಡಿಯಬಹುದು. ಒಂದು ಎಚ್ಚರ ಇಲ್ಲಿ ಬೇಕು: ಏನನ್ನೇ ಎತ್ತುವಾಗ ಉಸಿರು ಬಿಗಿಹಿಡಿಯಬಾರದು. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆಯಿರಿ.

ನೆಲದಿಂದ ಏಳುವ ಅಭ್ಯಾಸವನ್ನು ಪರದೇಶದ ಕೈಪಿಡಿಗಳು ಅಷ್ಟಾಗಿ ಹೇಳುವುದಿಲ್ಲ, ಆದರೆ ನಮಗೆ ಅದಿಲ್ಲದೆ ಬದುಕು ಸಾಗದು. ಊಟ ನೆಲದ ಮೇಲೆ, ಕಳೆ ಕೀಳುವುದು ಕುಕ್ಕರಗಾಲಲ್ಲಿ, ಶೇಂಗಾ ಬಿಡಿಸುವುದು ಕೂತು. ಕುರ್ಚಿಯಿಂದ ಹತ್ತು ಸಲ ಕೈ ಊರದೆ ಏಳುವಂತಾದ ಮೇಲೆ, ಮಂಚದ ಪಕ್ಕ ನೆಲದಲ್ಲಿ ಕೂತು, ಒಂದು ಮೊಣಕಾಲು ಊರಿ, ಮಂಚದ ಅಂಚು ಹಿಡಿದು ಏಳುವುದನ್ನು ಕಲಿಯಿರಿ. ಮೊದಮೊದಲು ಮನೆಯವರೊಬ್ಬರು ಪಕ್ಕದಲ್ಲಿ ನಿಂತಿರಲಿ, ಎಳೆದು ಎಬ್ಬಿಸುವುದು ಬೇಡ.

ನಡಿಗೆಗೆ ಬೀದಿಯ ಲೈಟ್ ಕಂಬಗಳೇ ಲೆಕ್ಕ. ಮನೆಯಿಂದ ಒಂದು ಕಂಬದವರೆಗೆ ಹೋಗಿ ಬನ್ನಿ. ಮೂರು ದಿನ ಅಷ್ಟೇ. ಸುಸ್ತು ಹೆಚ್ಚದಿದ್ದರೆ ಎರಡು ಕಂಬ. ಕಂಬ ಹೆಚ್ಚಿಸಿದ ದಿನ ವೇಗ ಹೆಚ್ಚಿಸಬಾರದು. ಹೊರಡುವ ಮುಂಚೆ ನೆನಪಿರಲಿ, ಹೋದಷ್ಟೇ ದೂರ ವಾಪಸ್ ಬರಬೇಕು. ಚಿತ್ರದುರ್ಗದವರಿಗೆ ಒನಕೆ ಓಬವ್ವ ಕ್ರೀಡಾಂಗಣದಂಥ ಸಮತಟ್ಟು ಜಾಗವಿದೆ. ಹಿರಿಯೂರಿನಲ್ಲಿ ತೇರುಮಲ್ಲೇಶ್ವರ ದೇವಸ್ಥಾನದ ಸುತ್ತ ನಡೆಯಬಹುದು, ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ಕಡೆಗೆ ಹೋಗಿಬರಬಹುದು. ದಣಿವಾದರೆ ಕೂರಲು ಕಟ್ಟೆ ಇರುವ ದಾರಿಯನ್ನೇ ಆರಿಸಿಕೊಳ್ಳಿ. ಕಲ್ಲಿನ ಕೋಟೆ ಹತ್ತುವುದು, ಜೋಗಿಮಟ್ಟಿಯ ಏರು, ವಾಣಿವಿಲಾಸ ಸಾಗರದ ಬಳಿಯ ಗುಡ್ಡ ಇವೆಲ್ಲ ಕೊನೆಯ ಹಂತದವು. ಅರ್ಧ ಗಂಟೆ ಸಮತಟ್ಟಿನಲ್ಲಿ ಬಿರುಸಾಗಿ ನಡೆದು ಮರುದಿನವೂ ಹಗುರಾಗಿದ್ದವರಷ್ಟೇ ಕೋಟೆಯ ಮೆಟ್ಟಿಲ ಕಡೆ ನೋಡಲಿ.

ಹೊತ್ತಿನ ಬಗ್ಗೆಯೂ ಹೇಳಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಂಡೆಗಳು ಸಂಜೆ ಏಳಾದರೂ ಕಾವು ಬಿಡುವುದಿಲ್ಲ, ಆದ್ದರಿಂದ ಬೆಳಗ್ಗೆಯೇ ನಡೆಯಿರಿ. ಆಷಾಢದ ಗಾಳಿಯಲ್ಲಿ ಎದುರುಗಾಳಿಗೆ ನಡೆಯುವುದು ಗುಡ್ಡ ಹತ್ತಿದಷ್ಟೇ ಶ್ರಮ, ಧೂಳೂ ಜಾಸ್ತಿ. ಗಾಳಿಗೆ ಬೆನ್ನು ಕೊಟ್ಟು ಹೋಗಿ ಎದುರುಗಾಳಿಗೆ ಬರುವುದಾದರೆ ದೂರವನ್ನು ಅರ್ಧಕ್ಕಿಳಿಸಿ.

ನಾಳೆಯ ಬೆಳಗು ಹೇಳುವ ಲೆಕ್ಕ

ಈ ಬರಹದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನಿಡಿ. ಇವತ್ತಿನ ವ್ಯಾಯಾಮ ಸರಿಯಾಯಿತೋ ಹೆಚ್ಚಾಯಿತೋ ಎಂಬುದು ಇವತ್ತು ಗೊತ್ತಾಗುವುದಿಲ್ಲ. ನಾಳೆ, ಕೆಲವರಿಗೆ ನಾಡಿದ್ದು ಗೊತ್ತಾಗುತ್ತದೆ.

ನಮ್ಮ ಹೊಲಗಳ ಕಡಿಮೆ ನೀರಿನ ಬೋರ್‌ವೆಲ್‌ಗಳನ್ನು ನೋಡಿ. ಅರ್ಧ ಗಂಟೆ ಮೋಟರ್ ಓಡಿಸಿ ನಿಲ್ಲಿಸಿ, ಮತ್ತೆ ನೀರೂರಲು ಬಿಟ್ಟರೆ ವರ್ಷಪೂರ್ತಿ ಕೈಹಿಡಿಯುತ್ತದೆ. ಬರುತ್ತಿದೆಯಲ್ಲ ಎಂದು ನಿಲ್ಲಿಸದೆ ಎಳೆದರೆ ಗಾಳಿ ಬಂದು ಮೋಟರ್ ಸುಡುತ್ತದೆ. ವೈರಸ್ ಜ್ವರದಿಂದ ಎದ್ದ ಕೆಲವರ ದೇಹ ಹೀಗೇ. ಚೆನ್ನಾಗಿದೆ ಅನ್ನಿಸಿದ ದಿನ ಮನೆಯೆಲ್ಲ ಗುಡಿಸಿ, ಬಟ್ಟೆ ಒಗೆದು, ಎರಡು ಮೈಲಿ ನಡೆದುಬಿಡುತ್ತಾರೆ. ಆಮೇಲೆ 12ರಿಂದ 48 ಗಂಟೆಯೊಳಗೆ ಜ್ವರ ಬಂದಂಥ ಮೈಕೈ ನೋವು, ಮಂಕು, ನಿದ್ದೆ ಬಾರದಿರುವುದು, ಎದ್ದು ನೀರು ಕುಡಿಯಲೂ ಆಗದಷ್ಟು ಸುಸ್ತು. ಮೂರು ದಿನ ಮಲಗಿ ಸುಧಾರಿಸಿ, ಮತ್ತೆ ಅದೇ ತಪ್ಪು. ಇಂಥವರಿಗೆ ‘ಇನ್ನೂ ಸ್ವಲ್ಪ ಗಟ್ಟಿ ಮನಸ್ಸು ಮಾಡಿ’ ಎಂದು ಹೇಳುವುದು ಹಾನಿಕರ. ದೀರ್ಘಕಾಲದ ಆಯಾಸದ ರೋಗಿಗಳಿಗೆ ವಾರವಾರ ವ್ಯಾಯಾಮವನ್ನು ಕಡ್ಡಾಯವಾಗಿ ಏರಿಸುತ್ತಾ ಹೋಗುವ ಪದ್ಧತಿಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರ ಅಕ್ಟೋಬರ್‌ನಲ್ಲಿ ಕೈಬಿಟ್ಟದ್ದು ಇದೇ ಕಾರಣಕ್ಕೆ.

ಹಾಗಾಗಿ ಒಂದು ನೋಟ್‌ಬುಕ್ ಇಡಿ. ಇವತ್ತು ಏನೇನು ಮಾಡಿದೆ, ಶ್ರಮ ಎಷ್ಟಿತ್ತು, ಮರುದಿನ ಬೆಳಗ್ಗೆ ಎದ್ದಾಗ ಮೈ ಹೇಗಿತ್ತು, ಇಷ್ಟು ಬರೆದರೆ ಸಾಕು. ಬರೆಯಲು ಬಾರದ ಹಿರಿಯರಿಗೆ ಮೊಮ್ಮಕ್ಕಳು ಬರೆದುಕೊಡಲಿ. ಎದ್ದಾಗ ನಿನ್ನೆಯಂತೆಯೇ ಇದ್ದರೆ ಅದೇ ಪ್ರಮಾಣ. ಒಂದು ವಾರ ಹಾಗೇ ಇದ್ದರೆ ಸ್ವಲ್ಪ ಏರಿಸಿ. ನಿನ್ನೆಗಿಂತ ಕೆಟ್ಟಿದ್ದರೆ ಅರ್ಧಕ್ಕಿಳಿಸಿ. ಪದೇ ಪದೇ ಹೀಗೆ ಕುಸಿಯುವವರು ವ್ಯಾಯಾಮವನ್ನು ಹೆಚ್ಚಿಸುವ ಯೋಚನೆಯನ್ನೇ ಬಿಟ್ಟು, ದಿನದ ಕೆಲಸಗಳನ್ನು ಸಣ್ಣ ತುಂಡು ಮಾಡಿ, ತುಂಡು ತುಂಡಿನ ನಡುವೆ ವಿಶ್ರಾಂತಿ ಇಟ್ಟುಕೊಂಡು, ತಜ್ಞರನ್ನು ಕಾಣಬೇಕು.

ಅಡುಗೆಮನೆಯೂ ವ್ಯಾಯಾಮವೇ

ಗಂಡಸರು ಜ್ವರದಿಂದೆದ್ದರೆ ಎರಡು ವಾರ ಜಗಲಿಯ ಮೇಲೆ ಕೂತಿರುತ್ತಾರೆ. ಹೆಂಗಸರು ಎದ್ದ ದಿನವೇ ಒಲೆಯ ಮುಂದೆ. ‘ಅವ್ವ ಎಲ್ಲಿ ವ್ಯಾಯಾಮ ಮಾಡ್ತಾಳೆ, ಆಕೆಗೆ ಪುರುಸೊತ್ತೆಲ್ಲಿ’ ಎನ್ನುತ್ತಾರೆ ಮಕ್ಕಳು. ಆಕೆ ಬೆಳಗಿನಿಂದ ಮಾಡುತ್ತಿರುವುದೆಲ್ಲ ವ್ಯಾಯಾಮವೇ, ಅದೂ ಅಳತೆಯಿಲ್ಲದ್ದು. ಮುದ್ದೆ ತೊಳಸುವುದಕ್ಕೆ ಎಷ್ಟು ತೋಳ್ಬಲ ಬೇಕೆಂದು ತೊಳಸಿದವರಿಗೇ ಗೊತ್ತು. ತುಂಬಿದ ಕೊಡ ಸೊಂಟಕ್ಕೇರಿಸುವುದು, ಒದ್ದೆ ಕಂಬಳಿ ಹಿಂಡುವುದು, ಕೊಟ್ಟಿಗೆ ಬಳಿಯುವುದು ಇವೆಲ್ಲ ಹತ್ತರ ಲೆಕ್ಕದಲ್ಲಿ ಐದು, ಆರರ ಶ್ರಮ. ಮನೆಯಲ್ಲಿ ಹೆಂಗಸು ಜ್ವರದಿಂದೆದ್ದಿದ್ದರೆ ಮೊದಲ ತಿಂಗಳು ಕೊಡ, ಕೊಟ್ಟಿಗೆ, ಮುದ್ದೆ ಈ ಮೂರನ್ನು ಬೇರೆಯವರು ವಹಿಸಿಕೊಳ್ಳಲೇಬೇಕು. ತರಕಾರಿ ಹೆಚ್ಚುವುದು, ಅಕ್ಕಿ ಆರಿಸುವುದು, ಬಟ್ಟೆ ಮಡಿಸುವುದು ಕೂತು ಮಾಡುವಂಥವು, ಅವನ್ನು ಆಕೆ ಮಾಡಲಿ. ಒಲೆಯ ಹೊಗೆಯಿಂದ ದೂರ ಇಡಿ. ಹೊಳಲ್ಕೆರೆ, ಭೀಮಸಮುದ್ರದ ಕಡೆ ಅಡಿಕೆ ಬೇಯಿಸುವ ಕಾಲದಲ್ಲಿ ಹೊಗೆಯ ಮುಂದೆ ನಿಲ್ಲುವ ಕೆಲಸವೂ ಶ್ವಾಸಕೋಶ ಸೋತವರಿಗೆ ಬೇಡ.

ಸ್ನಾಯು ಬೆಳೆಯಲು ವ್ಯಾಯಾಮದ ಜೊತೆ ಪ್ರೋಟೀನ್ ಬೇಕು. ಬರೀ ಗಂಜಿ, ಬ್ರೆಡ್ಡು, ಎಳನೀರಿನಲ್ಲಿ ಅದು ಸಿಗದು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಪ್ರೋಟೀನ್ ಇದೆ. ಆರೋಗ್ಯವಂತರಿಗೇ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೇಳುತ್ತದೆ. ಚೇತರಿಸಿಕೊಳ್ಳುವವರಿಗೆ ಅದಕ್ಕಿಂತ ಹೆಚ್ಚು ಬೇಕು. ಮುದ್ದೆಯ ಜೊತೆ ಹುರುಳಿ ಸಾರು, ಸಂಜೆಗೆ ಕಾಳಿನ ಗುಗ್ಗರಿ, ತಿನ್ನುವವರಿಗೆ ಮೊಟ್ಟೆ ಇದ್ದರೆ ಅಂಗಡಿಯ ಡಬ್ಬಿ ಪುಡಿಗೆ ದುಡ್ಡು ಸುರಿಯಬೇಕಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ತಿನ್ನಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ನಡೆಯಲು ಹೋಗಬಾರದು, ಜೇಬಿನಲ್ಲಿ ಒಂದು ಚೂರು ಬೆಲ್ಲ ಇರಲಿ.

ಚಿಕುನ್‌ಗುನ್ಯಾ, ಡೆಂಗಿ ಆದವರಿಗೆ

ಚಿಕುನ್‌ಗುನ್ಯಾದಲ್ಲಿ ದಮ್ಮಿಗಿಂತ ಕೀಲಿನದೇ ಕಷ್ಟ. ಬೆಳಗ್ಗೆ ಎದ್ದಾಗ ಬೆರಳು ಮಡಿಸಲಾಗದೆ ಹಲ್ಲುಜ್ಜಲೂ ಆಗದಿರುವುದು, ಪಾದ ಊರಲಾಗದಿರುವುದು ಕೆಲವರಿಗೆ ತಿಂಗಳುಗಟ್ಟಲೆ, ಇನ್ನು ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಕೀಲು ಕೆಂಪಾಗಿ ಊದಿರುವಾಗ ಬಲದ ವ್ಯಾಯಾಮ ಮಾಡಬಾರದು, ಆದರೆ ಪೂರ್ತಿ ಆಡಿಸದೆಯೂ ಇಡಬಾರದು. ಉಗುರುಬೆಚ್ಚಗಿನ ನೀರಿನಲ್ಲಿ ಕೈ ಇಳಿಬಿಟ್ಟು ಬೆರಳುಗಳನ್ನು ನಿಧಾನವಾಗಿ ಮಡಿಸಿ ಬಿಡಿಸಿ, ಹೆಬ್ಬೆರಳನ್ನು ಒಂದೊಂದು ಬೆರಳಿಗೆ ತಾಗಿಸಿ, ಮಣಿಕಟ್ಟು ತಿರುಗಿಸಿ. ಊತ ಇಳಿದ ಮೇಲೆ ಒದ್ದೆ ಬಟ್ಟೆ ಹಿಂಡುವುದು, ಚಪಾತಿ ಹಿಟ್ಟು ನಾದುವುದು ಒಳ್ಳೆಯ ಕೈ ವ್ಯಾಯಾಮ. ನೋವು ಎರಡು ಗಂಟೆಗೂ ಹೆಚ್ಚು ಉಳಿದರೆ ಹೆಚ್ಚಾಯಿತೆಂದು ತಿಳಿಯಿರಿ. ಮೂರು ತಿಂಗಳು ಮೀರಿಯೂ ಊತ ಇದ್ದರೆ ಸಂಧಿವಾತದ ಪರೀಕ್ಷೆ ಆಗಬೇಕು. ನಮ್ಮ ಜಿಲ್ಲೆಯ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದರಿಂದಲೂ ಬೆನ್ನು, ಮಂಡಿ ಬಿಗಿಯುತ್ತವೆ. ಹಳೆಯ ನೋವನ್ನೆಲ್ಲ ಜ್ವರದ ಲೆಕ್ಕಕ್ಕೆ ಸೇರಿಸದೆ ವೈದ್ಯರಿಗೆ ಎರಡನ್ನೂ ಹೇಳಿ.

ಡೆಂಗಿಯಲ್ಲಿ ಜ್ವರ ಇಳಿದ ಮೊದಲ ಎರಡು ದಿನವೇ ಹೆಚ್ಚು ಅಪಾಯದವು. ಆಗ ವ್ಯಾಯಾಮವೂ ಬೇಡ, ಮೈ ನೀವಿಸಿಕೊಳ್ಳುವುದೂ ಬೇಡ. ಪ್ಲೇಟ್‌ಲೆಟ್ ಸರಿಯಾಗಿದೆ ಎಂದು ವೈದ್ಯರು ಹೇಳಿದ ಮೇಲೆ ಮೇಲಿನ ಕ್ರಮದಲ್ಲೇ ನಡಿಗೆ ಶುರುಮಾಡಬಹುದು.

ಕೂಲಿಗೆ ಮರಳುವುದು

ಇದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ, ಏಕೆಂದರೆ ದಿನಗೂಲಿಯವರಿಗೆ ವಿಶ್ರಾಂತಿ ಎಂದರೆ ಅವತ್ತಿನ ದುಡಿಮೆ ಹೋದಂತೆ. ಆದರೂ ಲೆಕ್ಕ ಹಾಕಿ ನೋಡಿ: ಮೂರು ವಾರ ಅರ್ಧ ದಿನದ ಕೆಲಸ ಮಾಡಿದವರು ಆಮೇಲೆ ನಿಲ್ಲುತ್ತಾರೆ, ಮೊದಲ ದಿನವೇ ಪೂರ್ತಿ ಆಳಾಗಿ ಹೋದವರು ವಾರದಲ್ಲಿ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಮೊದಲು ಕೂತು ಮಾಡುವ ಕೆಲಸ ಕೇಳಿಕೊಳ್ಳಿ, ಶೇಂಗಾ ಬಿಡಿಸುವುದು, ಅಡಿಕೆ ಆರಿಸುವುದು, ಈರುಳ್ಳಿ ವಿಂಗಡಿಸುವುದು ಇಂಥವು. ಗುದ್ದಲಿ, ಎಡೆಕುಂಟೆ, ಮೂಟೆ ಹೊರುವುದು ಕೊನೆಗೆ. ಗಣಿ, ಕ್ರಷರ್‌ಗಳ ಧೂಳಿನಲ್ಲಿ ದುಡಿಯುವವರು ಶ್ವಾಸಕೋಶದ ತಪಾಸಣೆ ಮಾಡಿಸಿಕೊಳ್ಳದೆ ಮರಳಬಾರದು. ಹೆದ್ದಾರಿಯಲ್ಲಿ ಲಾರಿ ಓಡಿಸುವವರು ಮಂಕು, ತೂಕಡಿಕೆ ಪೂರ್ತಿ ಹೋಗುವವರೆಗೆ ಸ್ಟೇರಿಂಗ್ ಹಿಡಿಯಬಾರದು. ಮೇಷ್ಟ್ರುಗಳಿಗೆ ದಿನವಿಡೀ ನಿಂತು ಜೋರಾಗಿ ಮಾತಾಡುವುದೇ ದೊಡ್ಡ ಶ್ರಮ. ಕೂತು ಪಾಠ ಮಾಡಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಎಲ್ಲಿ ಕೇಳಬೇಕು

ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ವೈದ್ಯರನ್ನು ಕಂಡು ಫಿಸಿಯೋಥೆರಪಿಗೆ ಬರೆಸಿಕೊಳ್ಳಿ. ಬಸವೇಶ್ವರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ನಗರದಲ್ಲಿದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಯಾವ ದಿನ ಸಿಗುತ್ತಾರೆಂದು ಆಶಾ ಕಾರ್ಯಕರ್ತೆಯ ಮೂಲಕ ವಿಚಾರಿಸಿಕೊಂಡು ಹೊರಡಿ. ಹೋಗುವಾಗ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳು, ಜೊತೆಗೆ ಆ ನೋಟ್‌ಬುಕ್ ಇರಲಿ. ‘ಮನೆಯಲ್ಲಿ ಏನು ಮಾಡಲಿ, ಎಷ್ಟು ಸಲ, ಯಾವಾಗ ನಿಲ್ಲಿಸಲಿ’ ಎಂಬ ಮೂರು ಪ್ರಶ್ನೆಗೆ ಉತ್ತರ ಬರೆಸಿಕೊಳ್ಳದೆ ಎದ್ದು ಬರಬೇಡಿ. ಮಾಡಿ ತೋರಿಸುವಾಗ ಮನೆಯವರ ಫೋನಿನಲ್ಲಿ ವಿಡಿಯೋ ತೆಗೆದುಕೊಳ್ಳಲು ಕೇಳಿ. ದೂರದಿಂದಲೇ ವೈದ್ಯರ ಸಲಹೆಗೆ ಸರ್ಕಾರದ ಇ-ಸಂಜೀವಿನಿ ಇದೆ. ಆಸ್ಪತ್ರೆಯ ದಿನಗಳ ಭಯ ಬಿಡದೆ ನಿದ್ದೆ ಹತ್ತದವರು, ಮನಸ್ಸು ಕುಗ್ಗಿದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ-ಮಾನಸ್, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಎದೆನೋವು, ಉಸಿರುಗಟ್ಟುವಿಕೆಗೆ ಮಾತ್ರ ಯಾವ ಯೋಚನೆಯೂ ಬೇಡ, ನೇರ 108.

2021ರಲ್ಲಿ ಕೋವಿಡ್‌ನಿಂದ ಮಲಗಿ ಎದ್ದು ಇವತ್ತಿಗೂ ಪೂರ್ತಿ ಸರಿಹೋಗದವರು ನಮ್ಮ ಜಿಲ್ಲೆಯ ತಾಲ್ಲೂಕುಗಳಲ್ಲೂ ಇರುತ್ತಾರೆ. ವಯಸ್ಸಾಯಿತು ಬಿಡು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿರುತ್ತಾರೆ. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅಂಥವರಿದ್ದರೆ ಈ ವಾರವೇ ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ. ವರ್ಷಗಳಾದ ಮೇಲೂ ಕಾಲಿನ ಬಲ ಮರಳಿ ಬರುತ್ತದೆ, ಎಪ್ಪತ್ತು ದಾಟಿದವರಲ್ಲೂ ಬರುತ್ತದೆ.